ತಂತ್ರಾಂಶ ರಚನೆಯಲ್ಲಿ ಚುರುಕುಪದ್ಧತಿ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಬೆಂಗಳೂರು ಮೊದಲಾದ ನಗರಗಳಲ್ಲಿ ತಂತ್ರಾಂಶ ರಚನೆಯ ಉದ್ಯೋಗದಲ್ಲಿರುವರು. ಅವರು ರಜೆಗೆಂದು ಮನೆಗೆ ಬಂದಾಗ ‘ಅಜೈಲ್’, ‘ಸ್ಕ್ರಮ್’, ‘ಸ್ಪ್ರಿಂಟ್’ ಎಂಬ ಮಾತುಗಳನ್ನು ದೂರವಾಣಿಯಲ್ಲಿ ಆಡುವುದನ್ನು ಕೇಳಿ, “ಮಗಳೇ, ನಿನ್ನ ಕೆಲಸವೆಂಬುದೇನು? ಅದು ಎಂದಾದರೂ ಮುಗಿಯುವುದುಂಟೇ?” ಎಂದು ತಾಯಿತಂದೆಗಳು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ. ಈ ಉದ್ಯೋಗದಲ್ಲಿ ಹಲವು ವರ್ಷಗಳನ್ನು ಕಳೆದಿರುವ ನಾವು ಅದಕ್ಕೆ ಯಥಾಶಕ್ತಿ ಉತ್ತರ ಹೇಳಲು ಇಲ್ಲಿ ಯತ್ನಿಸುವೆವು.

ಗಣಕಯಂತ್ರವು ಏನನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ಬರೆದಿಡುವ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಇಂತಹ ಆಜ್ಞೆಗಳು ಲಕ್ಷಗಟ್ಟಲೆ ಸೇರಿ ಒಂದು ಬ್ಯಾಂಕಿನ ಅಥವಾ ರೈಲ್ವೆಯ ವ್ಯವಹಾರವನ್ನು ನಡೆಯಿಸುವವು. ಅವು ಕಣ್ಣಿಗೆ ಕಾಣುವ ವಸ್ತುಗಳಲ್ಲ. ಅರ್ಧ ಕಟ್ಟಿದ ಮನೆಯನ್ನು ಯಜಮಾನನು ಬಂದು ನೋಡಿ, “ಈ ಕಿಟಕಿ ಇಲ್ಲಿ ಬೇಡ” ಎನ್ನಬಹುದು. ಅರ್ಧ ಬರೆದ ತಂತ್ರಾಂಶವನ್ನು ಹಾಗೆ ನೋಡಲು ಬಾರದು. ಈ ಉದ್ಯೋಗದ ಕಷ್ಟಗಳಲ್ಲಿ ಮುಖ್ಯವಾದುದು ಇದೇ.

೧೯೬೮ರಲ್ಲಿ ಜರ್ಮನಿಯ ಗಾರ್ಮಿಷ್ ಎಂಬ ಊರಿನಲ್ಲಿ ತಜ್ಞರು ಸಭೆ ಸೇರಿ, ದೊಡ್ಡ ತಂತ್ರಾಂಶಗಳು ಹೇಳಿದ ಕಾಲಕ್ಕೆ ಮುಗಿಯದಿರುವುದನ್ನೂ ವೆಚ್ಚವು ಮಿತಿಮೀರುವುದನ್ನೂ ಕುರಿತು ಚರ್ಚಿಸಿದರು. ೧೯೭೦ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬವರು ಒಂದು ಲೇಖನದಲ್ಲಿ ಕೆಲಸದ ಹಂತಗಳ ಚಿತ್ರವನ್ನು ಬರೆದು ತೋರಿಸಿದರು: ಮೊದಲು ಬೇಡಿಕೆಗಳ ಸಂಗ್ರಹ, ಬಳಿಕ ವಿನ್ಯಾಸ, ಆಮೇಲೆ ಬರವಣಿಗೆ, ತರುವಾಯ ಪರೀಕ್ಷೆ, ಕೊನೆಗೆ ಬಳಕೆ. ಮೇಲಿನಿಂದ ಕೆಳಕ್ಕೆ ಇಳಿಯುವ ಈ ಕ್ರಮಕ್ಕೆ ಮುಂದೆ ‘ಜಲಪಾತ’ವೆಂಬ ಹೆಸರು ಬಂತು. ಈ ಕ್ರಮವನ್ನು ಹಾಗೆಯೇ ಅನುಸರಿಸುವುದು ಅಪಾಯಕರವೆಂದು ರಾಯ್ಸರೇ ಅದೇ ಲೇಖನದಲ್ಲಿ ಎಚ್ಚರಿಸಿದ್ದರು. ಆದರೆ ಲೋಕವು ಚಿತ್ರವನ್ನು ಹಿಡಿಯಿತು, ಎಚ್ಚರಿಕೆಯನ್ನು ಬಿಟ್ಟಿತು. ಧುಮುಕಿದ ನೀರು ಮರಳಿ ಮೇಲೇರದಷ್ಟೆ. ಅದರಂತೆಯೇ ಮೊದಲನೆಯ ಹಂತದಲ್ಲಿ ಆದ ತಪ್ಪು ಕೊನೆಯ ಹಂತದಲ್ಲಿ ಬೆಳಕಿಗೆ ಬಂದರೆ, ಅದನ್ನು ತಿದ್ದುವುದಕ್ಕೆ ಮೊದಲಿನಿಂದ ಎಲ್ಲವನ್ನೂ ಕದಲಿಸಬೇಕಾಗುವುದು.

ಇದನ್ನು ನಾವು ಸ್ವತಃ ಕಂಡಿರುವೆವು. ನಾವು ಉದ್ಯೋಗಕ್ಕೆ ಸೇರಿದ ಆರಂಭದಲ್ಲಿ ಒಂದು ಆಸ್ಪತ್ರೆಗಾಗಿ ರೋಗಿಗಳ ದಾಖಲೆಯ ತಂತ್ರಾಂಶವನ್ನು ರಚಿಸುವ ಗುಂಪಿನಲ್ಲಿದ್ದೆವು. ದಪ್ಪನಾದ ಒಂದು ಬೇಡಿಕೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಒಂದೂವರೆ ವರ್ಷ ದುಡಿದೆವು. ಕೊನೆಗೆ ಅದನ್ನು ದಾದಿಯರ ಮುಂದಿಟ್ಟಾಗ ಅವರಲ್ಲಿ ಹಿರಿಯರೊಬ್ಬರು, “ರಾತ್ರಿ ಪಾಳಿಯಲ್ಲಿ ಇಬ್ಬರೇ ಇರುವೆವು, ರೋಗಿಯನ್ನು ನೋಡುವುದೋ, ಈ ಹನ್ನೆರಡು ಪುಟ ತುಂಬುವುದೋ?” ಎಂದರು. ಆ ಪುಸ್ತಕವನ್ನು ಬರೆದವರಾರೂ ದಾದಿಯರನ್ನು ಕೇಳಿರಲಿಲ್ಲ. ನಮ್ಮಲ್ಲಿ ಒಬ್ಬಿಬ್ಬರಿಗೆ ಮೊದಲೇ ಸಂದೇಹವಿದ್ದಿತು; ಆದರೆ ಹಿರಿಯರ ಮುಂದೆ ಬಾಯಿ ಬಿಡಲು ಅಂಜಿ ಸುಮ್ಮನಿದ್ದೆವು. ಆ ಮೌನದ ಬೆಲೆಯನ್ನು ಇಂದಿಗೂ ಮರೆತಿಲ್ಲ.

ಇಂತಹ ಅನುಭವಗಳಿಂದ ಬೇಸತ್ತು ಹಗುರವಾದ ಮಾರ್ಗಗಳನ್ನು ಹುಡುಕುತ್ತಿದ್ದ ೧೭ ಮಂದಿ, ೨೦೦೧ರ ಫೆಬ್ರವರಿ ೧೧ರಿಂದ ೧೩ರ ವರೆಗೆ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡ್ ಎಂಬ ಹಿಮಗಿರಿಯ ತಾಣದಲ್ಲಿ ಕೂಡಿದರು. ಕೆಂಟ್ ಬೆಕ್, ವಾರ್ಡ್ ಕನ್ನಿಂಗ್‌ಹ್ಯಾಮ್, ಮಾರ್ಟಿನ್ ಫೌಲರ್, ಕೆನ್ ಶ್ವೇಬರ್, ಜೆಫ್ ಸದರ್‌ಲ್ಯಾಂಡ್ ಮೊದಲಾದವರು ಅವರಲ್ಲಿದ್ದರು. ಅವರು ಒಂದು ಚಿಕ್ಕ ಘೋಷಣೆಯನ್ನೂ ಹನ್ನೆರಡು ತತ್ತ್ವಗಳನ್ನೂ ಲೋಕದ ಮುಂದಿಟ್ಟರು. ಅದಕ್ಕೆ ‘ಅಜೈಲ್’, ಎಂದರೆ ಚುರುಕು, ಎಂಬ ಹೆಸರಾಯಿತು.

ಆ ಘೋಷಣೆಯ ನಾಲ್ಕು ಮೌಲ್ಯಗಳ ಸಾರವಿಷ್ಟು. ಮೊದಲನೆಯದು, ನಿಯಮಾವಳಿಗಳಿಗಿಂತಲೂ ಉಪಕರಣಗಳಿಗಿಂತಲೂ ಕೆಲಸ ಮಾಡುವ ಜನರೂ ಅವರ ಪರಸ್ಪರ ಮಾತುಕತೆಯೂ ಮುಖ್ಯ. ಎರಡನೆಯದು, ರಾಶಿರಾಶಿ ಬರಹಗಳಿಗಿಂತ ನಡೆಯುವ ತಂತ್ರಾಂಶವು ಮುಖ್ಯ. ಮೂರನೆಯದು, ಕರಾರುಪತ್ರದ ವಾದಕ್ಕಿಂತ ಬಳಸುವವರೊಡನೆ ಸಹಕಾರವು ಮುಖ್ಯ. ನಾಲ್ಕನೆಯದು, ಹಾಕಿದ ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳುವುದು ಮುಖ್ಯ. ಯೋಜನೆಯೂ ಬರಹವೂ ಕರಾರೂ ನಿಷ್ಪ್ರಯೋಜಕವೆಂದು ಅವರು ಹೇಳಲಿಲ್ಲ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಬೆಲೆಯೆಂಬುದನ್ನಷ್ಟೇ ಹೇಳಿದರು. ಈ ಭೇದವನ್ನು ಅರಿಯದವರು, ಚುರುಕುಪದ್ಧತಿಯೆಂದರೆ ಯೋಚನೆಯಿಲ್ಲದೆ ಓಡುವುದೆಂದು ತಪ್ಪು ತಿಳಿಯುವರು.

ಹೊಲಿಗೆಯ ತರಗತಿಯನ್ನು ನಮ್ಮ ಸಹೋದರಿಯರು ನೆನೆಯಲಿ. ಅಳತೆ ತೆಗೆದುಕೊಂಡ ಮಾತ್ರಕ್ಕೆ ರವಿಕೆಯು ಮೈಗೆ ಒಪ್ಪುವುದಿಲ್ಲ. ಮೊದಲು ಸಡಿಲವಾಗಿ ದಾರ ಹಾಕಿ, ತೊಡಿಸಿ ನೋಡಿ, ತೋಳಿನಲ್ಲಿ ಬಿಗಿಯಾದರೆ ಬಿಚ್ಚಿ ಸರಿಪಡಿಸಿ, ಬಳಿಕವೇ ಗಟ್ಟಿ ಹೊಲಿಗೆ ಹಾಕುವೆವು. ಬಿಚ್ಚುವುದು ಅವಮಾನವೆಂದು ಅಲ್ಲಿ ಯಾರೂ ಎಣಿಸರು. ಚುರುಕುಪದ್ಧತಿಯ ಮರ್ಮವೂ ಇಷ್ಟೇ: ಸ್ವಲ್ಪ ಮಾಡು, ತೋರಿಸು, ಕೇಳು, ತಿದ್ದು, ಮತ್ತೆ ಮಾಡು.

ಇನ್ನು ಆಚರಣೆಗಳನ್ನು ಹೇಳುವೆವು. ‘ಸ್ಕ್ರಮ್’ ಎಂಬುದು ರಗ್ಬಿ ಆಟದಿಂದ ಬಂದ ಪದ. ಜಪಾನಿನ ಟಾಕೆಯುಚಿ ಮತ್ತು ನೊನಾಕಾ ಎಂಬ ಇಬ್ಬರು ವಿದ್ವಾಂಸರು ೧೯೮೬ರ ಲೇಖನದಲ್ಲಿ ಆ ಉಪಮೆಯನ್ನು ಬಳಸಿದರು. ಶ್ವೇಬರ್ ಮತ್ತು ಸದರ್‌ಲ್ಯಾಂಡರು ೧೯೯೫ರಲ್ಲಿ ಸ್ಕ್ರಮ್ ಕ್ರಮವನ್ನು ವಿದ್ವತ್ಸಭೆಯೊಂದರಲ್ಲಿ ವಿವರಿಸಿದರು. ಇದರಲ್ಲಿ ಕೆಲಸವನ್ನು ಒಂದು ತಿಂಗಳಿಗೆ ಮೀರದ ಚಿಕ್ಕ ಅವಧಿಗಳಾಗಿ ವಿಂಗಡಿಸುವರು. ಒಂದೊಂದು ಅವಧಿಗೂ ‘ಸ್ಪ್ರಿಂಟ್’ ಎಂದು ಹೆಸರು. ಯಾವ ಕೆಲಸ ಮೊದಲೆಂಬುದನ್ನು ಬಳಸುವವರ ಪರವಾಗಿ ಒಬ್ಬರು ಗೊತ್ತುಮಾಡುವರು. ಪ್ರತಿದಿನವೂ ಹದಿನೈದು ನಿಮಿಷ ಎಲ್ಲರೂ ಕೂಡಿ, ಗುರಿಯತ್ತ ಎಷ್ಟು ಬಂದೆವು, ಅಡ್ಡಿಯೇನು ಎಂಬುದನ್ನು ಹೇಳಿಕೊಳ್ಳುವರು. ಅವಧಿಯ ಕೊನೆಗೆ ಆದ ಕೆಲಸವನ್ನು ಸಂಬಂಧಪಟ್ಟವರಿಗೆ ತೋರಿಸುವರು. ಆಮೇಲೆ ತಮ್ಮ ನಡೆವಳಿಕೆಯನ್ನೇ ಪರಿಶೀಲಿಸಿ, ಮುಂದೆ ತಿದ್ದಿಕೊಳ್ಳಬೇಕಾದುದನ್ನು ನಿಶ್ಚಯಿಸುವರು.

ಕೆಂಟ್ ಬೆಕ್ಕರು ೧೯೯೯ರ ತಮ್ಮ ಗ್ರಂಥದಲ್ಲಿ ವಿವರಿಸಿದ ಇನ್ನೊಂದು ಮಾರ್ಗದಲ್ಲಿ ಇಬ್ಬರು ಒಂದೇ ಯಂತ್ರದ ಮುಂದೆ ಕುಳಿತು ಬರೆಯುವರು. ಒಬ್ಬರ ಕಣ್ತಪ್ಪು ಮತ್ತೊಬ್ಬರ ಕಣ್ಣಿಗೆ ಬೀಳುವುದು. ಅಲ್ಲದೆ, ಆಜ್ಞೆಯನ್ನು ಬರೆಯುವುದಕ್ಕೆ ಮೊದಲೇ ಅದನ್ನು ಒರೆಹಚ್ಚುವ ಪರೀಕ್ಷೆಯನ್ನು ಬರೆದಿಡುವರು. ಎಲ್ಲರ ಬರವಣಿಗೆಯನ್ನೂ ದಿನಕ್ಕೆ ಹಲವು ಸಲ ಒಟ್ಟುಗೂಡಿಸಿ ಪರೀಕ್ಷಿಸುವರು. ತಪ್ಪು ಹುಟ್ಟಿದ ದಿನವೇ ಸಿಕ್ಕಿದರೆ ಅದನ್ನು ಕೀಳುವುದು ಸುಲಭವಷ್ಟೆ.

ಇದರ ಫಲಕ್ಕೆ ಪ್ರಸಿದ್ಧವಾದ ಒಂದು ದೃಷ್ಟಾಂತವುಂಟು. ಅಮೆರಿಕದ ತನಿಖಾ ಇಲಾಖೆಯಾದ ಎಫ್.ಬಿ.ಐ. ತನ್ನ ಕಡತಗಳಿಗಾಗಿ ಮಾಡಿಸಿದ ತಂತ್ರಾಂಶವೊಂದನ್ನು, ಸುಮಾರು ೧೭ ಕೋಟಿ ಡಾಲರು ವೆಚ್ಚವಾದ ಮೇಲೆ, ೨೦೦೫ರಲ್ಲಿ ಕೈಬಿಡಬೇಕಾಯಿತು. ೨೦೦೬ರಲ್ಲಿ ‘ಸೆಂಟಿನೆಲ್’ ಎಂಬ ಬೇರೊಂದನ್ನು ಆರಂಭಿಸಿದರು; ಅದೂ ತಡವಾಯಿತು. ೨೦೧೦ರಲ್ಲಿ ಇಲಾಖೆಯು ಕೆಲಸವನ್ನು ತಾನೇ ವಹಿಸಿಕೊಂಡು, ಚಿಕ್ಕ ಗುಂಪಿನಿಂದ ಎರಡೆರಡು ವಾರಗಳ ಅವಧಿಗಳಲ್ಲಿ ಚುರುಕುಪದ್ಧತಿಯಂತೆ ನಡೆಯಿಸಿತು. ಆಗಲೂ ಮೊದಲು ಹೇಳಿದ ದಿನ ತಪ್ಪಿತಾದರೂ, ೨೦೧೨ರ ಜುಲೈಯಲ್ಲಿ ಅದು ಬಳಕೆಗೆ ಬಂತು. ಪದ್ಧತಿಯು ಮಾಯಾಮಂತ್ರವಲ್ಲ, ಎಡವಿದುದನ್ನು ಬೇಗ ತೋರಿಸುವ ದೀಪವೆಂದರೆ ಸಲ್ಲುವುದು.

ದೀಪವನ್ನು ಕೆಟ್ಟದ್ದಕ್ಕೂ ಹಿಡಿಯಬಹುದು. ಹೆಸರು ಚುರುಕಾಗಿ ನಡತೆ ಹಳೆಯದಾಗಿರುವ ಕಚೇರಿಗಳನ್ನೂ ನಾವು ಕಂಡಿರುವೆವು. ಅಲ್ಲಿ ಬೆಳಗಿನ ಹದಿನೈದು ನಿಮಿಷವು ಹಾಜರಿ ಪಟ್ಟಿಯಾಗಿ, ಅಡ್ಡಿಯನ್ನು ಹೇಳಿದವಳೇ ಅಪರಾಧಿಯಾಗುವಳು; ಸ್ಪ್ರಿಂಟ್ ಮುಗಿಯುವ ವಾರವೆಲ್ಲ ರಾತ್ರಿ ಜಾಗರಣೆಯಾಗುವುದು. ಆದರೆ ಆ ಹನ್ನೆರಡು ತತ್ತ್ವಗಳಲ್ಲಿಯೇ ಒಂದು, ಕೆಲಸದ ವೇಗವು ಎಲ್ಲರೂ ಎಷ್ಟು ಕಾಲವಾದರೂ ತಾಳಬಹುದಾದಂಥದಾಗಿರಬೇಕೆಂದು ಹೇಳುವುದು. ಆದಕಾರಣ ಮಗಳು ದಿನವೂ ನಿದ್ದೆಗೆಟ್ಟು ದುಡಿದರೆ ಅದು ಚುರುಕುಪದ್ಧತಿಯ ಗುಣವಲ್ಲ, ಅದರ ಉಲ್ಲಂಘನೆಯೆಂದು ತಾಯಿತಂದೆಗಳು ತಿಳಿಯಬೇಕು.

ಸ್ನೋಬರ್ಡಿನಲ್ಲಿ ಕೂಡಿದ ೧೭ ಮಂದಿಯೂ ಪುರುಷರೇ. ಆದರೆ ೨೦೦೩ರಲ್ಲಿ ಮೇರಿ ಪಾಪೆಂಡೀಕ್ ತಮ್ಮ ಪತಿಯೊಡನೆ, ೨೦೦೬ರಲ್ಲಿ ಎಸ್ತರ್ ಡರ್ಬಿ ಮತ್ತು ಡಯಾನಾ ಲಾರ್ಸನ್ ಜೊತೆಗೂಡಿ ಬರೆದ ಗ್ರಂಥಗಳು ಈ ಪದ್ಧತಿಯನ್ನು ಬೆಳೆಯಿಸಿದವು. ಡರ್ಬಿ ಮತ್ತು ಲಾರ್ಸನ್‌ರ ಗ್ರಂಥದ ವಿಷಯವೇ ಆ ಆತ್ಮಪರಿಶೀಲನೆಯ ಸಭೆ. ಈ ಪದ್ಧತಿಯಲ್ಲಿ ಎಲ್ಲವೂ ಒಂದು ಗುಣದ ಮೇಲೆ ನಿಂತಿದೆ: “ಇದು ನನಗೆ ತಿಳಿಯದು,” “ಇಲ್ಲಿ ತಪ್ಪಿದೆ” ಎಂದು ಸಕಾಲದಲ್ಲಿ ಹೇಳುವ ಧೈರ್ಯ. ಹೆಣ್ಣುಮಕ್ಕಳಿಗೆ ನಾವು ಮೌನವನ್ನೇ ವಿನಯವೆಂದು ಕಲಿಸಿದರೆ ಆ ಧೈರ್ಯವು ಎಲ್ಲಿಂದ ಬರಬೇಕು? ಮನೆಯಲ್ಲಿ ಕೈತಪ್ಪಿ ಪಾತ್ರೆ ಒಡೆದುದನ್ನು ಬಂದು ಹೇಳಿದ ಮಗುವನ್ನು ಗದರಿಸದಿದ್ದರೆ, ತರಗತಿಯಲ್ಲಿ ಸಂದೇಹ ಕೇಳಿದವಳನ್ನು ನಗದಿದ್ದರೆ, ಈ ವಿದ್ಯೆಯ ಮೊದಲ ಪಾಠವನ್ನು ನಾವು ಆಗಲೇ ಕಲಿಸಿದಂತಾಯಿತು. ಅಂದು ನಾವು ಬಾಯಿ ಬಿಟ್ಟಿದ್ದರೆ ಆ ದಾದಿಯರಿಗೆ ಒಂದೂವರೆ ವರ್ಷ ಮೊದಲೇ ನೆರವಾಗುತ್ತಿದ್ದಿತು. ನಮ್ಮ ಕಿರಿಯ ಸಹೋದರಿಯರು ಬಾಯಿ ಬಿಡಲೆಂದೇ ಇಷ್ಟನ್ನು ಬರೆದಿರುವೆವು.