ಗ್ರಾಮದ ಕಾವಲೂ ಮನೆಕಂದಾಯವೂ

ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯಂತಹ ಬಯಲುಸೀಮೆಯ ಗ್ರಾಮಗಳಲ್ಲಿ ಕಾವಲಿನ ವೆಚ್ಚವನ್ನು ಯಾರು ಹೊರಬೇಕೆಂಬ ಪ್ರಶ್ನೆ ಹೊಸತಲ್ಲ. ಹಿಂದೆ ಮೈಸೂರು ಸೀಮೆಯ ಹನ್ನೆರಡು ಮಂದಿ ಆಯಗಾರರ ಪೈಕಿ ತಳವಾರನು ಊರನ್ನೂ ತೋಟಿಯು ಪೈರನ್ನೂ ಕಾಯುತ್ತಿದ್ದರು. ಅವರಿಗೆ ಸಲ್ಲುತ್ತಿದ್ದುದು ಇನಾಂ ಭೂಮಿ ಮತ್ತು ಕಣದಲ್ಲಿ ಅಳೆದು ಕೊಡುತ್ತಿದ್ದ ಆಯ. ಇದರಲ್ಲಿದ್ದ ಎರಡು ಗುಣಗಳನ್ನು ನಾವು ಗಮನಿಸಬೇಕು: ಬೆಳೆಯುಳ್ಳವನೇ ಕಾವಲಿಗೆ ತೆರುತ್ತಿದ್ದನು, ಮಳೆ ತಪ್ಪಿದ ವರ್ಷ ಹೊರೆಯೂ ತಗ್ಗುತ್ತಿತ್ತು. ದೋಷವೂ ಉಂಟು: ಆ ಚಾಕರಿಯು ವಂಶಪಾರಂಪರ್ಯವಾಗಿ ಕೆಲವು ಜಾತಿಗಳಿಗೆ ಕಟ್ಟುಬಿದ್ದು ಬಿಟ್ಟಿದುಡಿಮೆಗೂ ಎಡೆಗೊಟ್ಟಿತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಅಧಿನಿಯಮವು ಅದನ್ನು ಕೊನೆಗಾಣಿಸಿತು.

ಇಂದು ಪೋಲೀಸು ವ್ಯವಸ್ಥೆಯು ರಾಜ್ಯ ಸರ್ಕಾರದ ಹೊಣೆ. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಗ್ರಾಮಪಂಚಾಯಿತಿಯ ತೆರಿಗೆಯು ಬೀಳುವುದು ಕಟ್ಟಡಗಳ ಮೇಲೆ ಮತ್ತು ವ್ಯವಸಾಯದ ಕಂದಾಯಕ್ಕೆ ಒಳಪಡದ ನೆಲದ ಮೇಲೆ. ಆದಕಾರಣ ಕಾವಲಿನ ವೆಚ್ಚವನ್ನು ಈ ದರಕ್ಕೇ ಸೇರಿಸುವುದಾದರೆ, ಚಿಕ್ಕ ಮನೆಯವನು ತೆರುತ್ತಾನೆ. ದೊಡ್ಡ ಹಿಡುವಳಿಯ ಹೊಲವು ತೆರುವುದಿಲ್ಲ. ಬರಗಾಲದಲ್ಲಿಯೂ ದರ ಇಳಿಯುವುದಿಲ್ಲ.

ವೆಚ್ಚದ ಮೊತ್ತವನ್ನು ಮನೆಗಳ ಮೌಲ್ಯಕ್ಕೆ ಹಂಚಿದ ಮಾತ್ರಕ್ಕೆ ದರವು ನ್ಯಾಯವಾಗದು. ಕಾವಲಿನ ಫಲ ಯಾರಿಗೆ, ತೆರುವ ಶಕ್ತಿ ಯಾರಿಗೆ ಎಂಬುದನ್ನು ಗ್ರಾಮಸಭೆಯು ಮೊದಲು ವಿಚಾರಿಸಬೇಕೆಂಬುದು ನಮ್ಮ ಅಭಿಪ್ರಾಯ.