ಟಂಬ್ಲರ್ ಆರಿಸುವುದರಲ್ಲೂ ವಿಜ್ಞಾನವಿದೆ!

ಟಂಬ್ಲರ್ ಎಂದರೆ ನಮ್ಮ ಕಡೆ ಕಾಫಿ ಕುಡಿಯುವ ಲೋಟ. ಅಮೆರಿಕದ ಶೂಟಿಂಗ್ ಹವ್ಯಾಸಿಗಳಿಗೆ ಅದೊಂದು ಯಂತ್ರ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾಗಳನ್ನು ಅಲ್ಲಿ ಅನೇಕರು ಎಸೆಯುವುದಿಲ್ಲ. ಮನೆಯಲ್ಲೇ ಶುಚಿಗೊಳಿಸಿ ಮತ್ತೆ ತುಂಬಿಸಿಕೊಳ್ಳುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದ್ದರಿಂದ ತುಂಬಿಸುವ ಮಾತು ನಮಗೆ ಬೇಡ. ಆದರೆ ಶುಚಿಗೊಳಿಸುವ ಯಂತ್ರ ಯಾವುದಿರಬೇಕು ಎಂಬ ಪ್ರಶ್ನೆಯಲ್ಲಿ ಶಾಲೆಯ ಭೌತವಿಜ್ಞಾನ, ರಸಾಯನವಿಜ್ಞಾನ ಎರಡೂ ಇವೆ. ಹೆತ್ತವರು ಗಮನಿಸಬೇಕಾದ ಆರೋಗ್ಯದ ವಿಷಯವೂ ಇದೆ.

ನಡುಗುವ ಬಟ್ಟಲು, ಉರುಳುವ ಪೀಪಾಯಿ

ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಅದಕ್ಕೆ ಅಂಟಿದ ಮಸಿಯನ್ನು ತೆಗೆಯಲು ಮುಖ್ಯವಾಗಿ ಎರಡು ಬಗೆಯ ಯಂತ್ರಗಳಿವೆ.

ಮೊದಲನೆಯದು ಒಣ ವಿಧಾನದ್ದು. ಇದರ ಮೋಟಾರಿನ ಅಕ್ಷಕ್ಕೆ ಒಂದೇ ಬದಿಗೆ ತೂಕ ಕಟ್ಟಿರುವುದರಿಂದ ಮೇಲಿನ ಬಟ್ಟಲು ಸದಾ ನಡುಗುತ್ತದೆ. ತೋಟಾಗಳ ಜೊತೆ ಅಕ್ರೋಟಿನ ಚಿಪ್ಪಿನ ತರಿ ಇಲ್ಲವೆ ಮೆಕ್ಕೆಜೋಳದ ದಿಂಡಿನ ತರಿ ಹಾಕುತ್ತಾರೆ. ಇವು ಮಸಿಯನ್ನು ಉಜ್ಜಿ ತೆಗೆಯುವಷ್ಟು ಗಟ್ಟಿ, ಹಿತ್ತಾಳೆಯನ್ನು ಸವೆಸದಷ್ಟು ಮೃದು. ಕೆಲವು ಗಂಟೆಗಳಲ್ಲಿ ಹೊರಮೈ ಹೊಳೆಯುತ್ತದೆ. ಒಳಗಿನ ಮಸಿ ಪೂರ್ತಿ ಹೋಗುವುದಿಲ್ಲ.

ಎರಡನೆಯದು ಉರುಳುವ ಪೀಪಾಯಿ. ಇದರೊಳಗೆ ನೀರು, ಸ್ವಲ್ಪ ಸೋಪು, ಚಿಟಿಕೆ ಸಿಟ್ರಿಕ್ ಆಮ್ಲ ಮತ್ತು ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಕಡ್ಡಿಗಳು. ಕಡ್ಡಿಗಳು ತೋಟಾದ ಒಳಕ್ಕೂ ನುಗ್ಗಿ ಉಜ್ಜುತ್ತವೆ. ಆಮ್ಲದ ಕೆಲಸ ನಮ್ಮ ಮನೆಯ ಹೆಂಗಸರಿಗೆ ಹೊಸದಲ್ಲ: ಹಬ್ಬದ ಮುನ್ನಾದಿನ ಹುಣಸೆಹಣ್ಣಿನಿಂದ ದೀಪ ತಿಕ್ಕುವಾಗ ಅದರ ಆಮ್ಲವೂ ಹೀಗೆಯೇ ಆಕ್ಸೈಡ್ ಪದರವನ್ನು ಕರಗಿಸುತ್ತದೆ. ಆದರೆ ಆಮ್ಲ ಅತಿಯಾದರೆ ಸತು ಕರಗಿ ಹೋಗಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತೊಳೆದ ಮೇಲೆ ಚೆನ್ನಾಗಿ ಒಣಗಿಸುವ ಕೆಲಸವೂ ಇರುತ್ತದೆ.

ವೇಗ ಎಷ್ಟಿರಬೇಕು?

ಪೀಪಾಯಿ ಜೋರಾಗಿ ತಿರುಗಿದಷ್ಟೂ ಬೇಗ ಶುಚಿಯಾದೀತೆ? ಇಲ್ಲ. ವೇಗ ಒಂದು ಮಿತಿಯನ್ನು ದಾಟಿದರೆ ಒಳಗಿನ ಸರಕು ಗೋಡೆಗೆ ಅಂಟಿಕೊಂಡು ಸುತ್ತುತ್ತದೆ, ಉರುಳುವುದೇ ಇಲ್ಲ. ತುತ್ತತುದಿಯಲ್ಲಿ ವಸ್ತುವಿನ ತೂಕವೂ ಅದನ್ನು ವೃತ್ತದಲ್ಲಿ ಸುತ್ತಿಸಲು ಬೇಕಾದ ಬಲವೂ ಸಮನಾಗುವ ವೇಗವೇ ಆ ಮಿತಿ. 20 ಸೆಂಟಿಮೀಟರ್ ವ್ಯಾಸದ ಪೀಪಾಯಿಗೆ ಲೆಕ್ಕ ಹಾಕಿದರೆ ಅದು ನಿಮಿಷಕ್ಕೆ ಸುಮಾರು 95 ಸುತ್ತು. ಯಂತ್ರದ ವೇಗ ಇದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಲಾಯದಲ್ಲಿ ಬಿರುಕು ಬಿಟ್ಟ ತೋಟಾ

ಯಂತ್ರ ಯಾವುದೇ ಇರಲಿ, ಅಮೋನಿಯಾ ಇರುವ ಪಾಲಿಶ್ ಸಲ್ಲದು. ಈ ಪಾಠ ಕಲಿಸಿದ್ದು ನಮ್ಮ ದೇಶದ ಮಳೆಗಾಲ! ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಎಷ್ಟೋ ತೋಟಾಗಳಲ್ಲಿ ಬಿರುಕು. ಕಾರಣ ತಿಳಿದದ್ದು 1921ರಲ್ಲಿ. ಹಿತ್ತಾಳೆಯನ್ನು ಕಾಯಿಸದೆ ಎಳೆದು ರೂಪ ಕೊಟ್ಟಾಗ ಲೋಹದೊಳಗೆ ಬಿಗಿತ ಉಳಿದಿರುತ್ತದೆ. ಕುದುರೆಯ ಗಂಜಲದಿಂದ ಹೊಮ್ಮಿದ ಅಮೋನಿಯಾ ತೇವದೊಡನೆ ಸೇರಿ ಅಂಥ ಲೋಹವನ್ನು ಸೀಳಿತ್ತು. ಹದವಾಗಿ ಕಾಯಿಸಿ ಬಿಗಿತ ಕಳೆಯುವುದೇ ಇದಕ್ಕೆ ಪರಿಹಾರವಾಯಿತು. ಥಳಥಳಿಸುವ ತೋಟಾ ಗಟ್ಟಿಯಾಗಿಯೇ ಇರುತ್ತದೆ ಎನ್ನುವಂತಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ

ಎಲ್ಲಕ್ಕಿಂತ ಮುಖ್ಯವಾದದ್ದು ಸೀಸ. ತೋಟಾದ ತಳದಲ್ಲಿರುವ ಕೇಪಿನ ಮದ್ದಿನಲ್ಲಿ ಸಾಮಾನ್ಯವಾಗಿ ಸೀಸದ ಸಂಯುಕ್ತ ಇರುತ್ತದೆ. ಒಣ ಯಂತ್ರದಲ್ಲಿ ಅದು ಧೂಳಿನೊಡನೆ ಗಾಳಿಗೆ ಸೇರುತ್ತದೆ. ಮಕ್ಕಳ ರಕ್ತದಲ್ಲಿ ಸೀಸದ ಯಾವ ಪ್ರಮಾಣವೂ ಸುರಕ್ಷಿತವಲ್ಲ. ಬೆಳೆಯುವ ಮೆದುಳಿಗೆ ಅದು ವಿಷ. ಒದ್ದೆ ವಿಧಾನದಲ್ಲಿ ಧೂಳು ಏಳದು, ಆದರೆ ಕೊಳೆನೀರಿನಲ್ಲಿ ಸೀಸ ಉಳಿಯುತ್ತದೆ. ಅದನ್ನು ಅಡುಗೆಮನೆಯ ಸಿಂಕಿಗೆ ಸುರಿಯಬಾರದು.

ಆದ್ದರಿಂದ ಮಕ್ಕಳಿರುವ ಮನೆಗೆ ಉರುಳುವ ಪೀಪಾಯಿಯೇ ಮೇಲು. ಒಣ ಯಂತ್ರವೇ ಇದ್ದರೆ ಅದನ್ನು ವಾಸದ ಮನೆಯ ಹೊರಗಿಟ್ಟು, ಮುಚ್ಚಳ ಹಾಕಿ ಓಡಿಸಬೇಕು; ಕೆಲಸ ಮುಗಿದ ಮೇಲೆ ಕೈ ತೊಳೆದು, ಬಟ್ಟೆ ಬದಲಿಸಿಯೇ ಮಕ್ಕಳನ್ನು ಎತ್ತಿಕೊಳ್ಳಬೇಕು. ಬೆಲೆ, ಹೊಳಪುಗಳ ಲೆಕ್ಕ ಇದಾದ ಮೇಲಿನದು.