ಮೊದಲ ಹಳೆಯ ಜೀಪು: ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ

ಮಲೆನಾಡು, ಕೊಡಗು ಮತ್ತು ಕರಾವಳಿಯ ತೋಟಗಾರರಿಗೆ ಹಳೆಯ ಜೀಪು ಅಪರಿಚಿತವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿಯು ಸೈನ್ಯಕ್ಕಾಗಿ ತಯಾರಿಸಿದ ಈ ವಾಹನವನ್ನು 1947ರಲ್ಲಿ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿದರು. ಎತ್ತರದ ಬಾನೆಟ್ಟಿನ ಸಿ.ಜೆ. 3ಬಿ, ಅನಂತರ ಬಂದ ಎಂ.ಎಂ. 540 ಮತ್ತು 550 ಮಾದರಿಗಳು ಈಗಲೂ ನಮ್ಮ ತೋಟದ ದಾರಿಗಳಲ್ಲಿ ದುಡಿಯುತ್ತಿವೆ. ಮಳೆಗಾಲದಲ್ಲಿ ಜಾರುವ ಮಣ್ಣಿನ ಏರು, ಸೇತುವೆಯಿಲ್ಲದ ಹಳ್ಳ ಇರುವವರಿಗೆ ಇದು ಉಪಯುಕ್ತ ವಾಹನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದನ್ನು ಕೊಳ್ಳಲು ಒಂದು ವರ್ಷದ ಅಡಿಕೆಯ ಹಣವೇ ಹೋಗಬಹುದಾದ್ದರಿಂದ ಪರೀಕ್ಷಿಸದೆ ಮುಂಗಡ ಕೊಡಬಾರದು.

ಜೀಪು ನೋಡಲು ಹೋದವರಲ್ಲಿ ಹೆಚ್ಚಿನವರು ಮೊದಲು ಬಾನೆಟ್ ಎತ್ತಿ ಎಂಜಿನ್ ಶಬ್ದ ಕೇಳುತ್ತಾರೆ. ಈ ಕ್ರಮ ತಲೆಕೆಳಗು. ಎಂಜಿನ್ ಸವೆದಿದ್ದರೆ ಬಿಚ್ಚಿ ಹೊಸದು ಮಾಡಬಹುದು. ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಕಡೆ ದೊರೆಯುತ್ತವೆ. ತುಕ್ಕು ತಿಂದ ಷಾಸಿ ಮತ್ತು ಸರಿಯಿಲ್ಲದ ಕಾಗದಪತ್ರ, ಇವೆರಡನ್ನು ಮಾತ್ರ ಸುಲಭದಲ್ಲಿ ದುರಸ್ತಿ ಮಾಡಲಾಗದು. ಆದುದರಿಂದ ಮೊದಲು ನೋಡಬೇಕಾದವು ಇವೇ.

ಷಾಸಿ ನೋಡಲು ಹಳೆಯ ಬಟ್ಟೆ ಉಟ್ಟು ಜೀಪಿನ ಅಡಿಗೆ ನುಸುಳಬೇಕು. ಕೈಯಲ್ಲಿ ಸಣ್ಣ ಸುತ್ತಿಗೆ, ಟಾರ್ಚು ಇರಲಿ. ಉದ್ದದ ಎರಡು ತೊಲೆಗಳನ್ನೂ ಅಡ್ಡಪಟ್ಟಿಗಳನ್ನೂ, ಮುಖ್ಯವಾಗಿ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಸೇರುವ ಜಾಗವನ್ನೂ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಖಣ್ ಎನ್ನುತ್ತದೆ. ತುಕ್ಕು ತಿಂದದ್ದು ಬದ್ದು ಶಬ್ದ ಕೊಟ್ಟು, ಪದರ ಪದರವಾಗಿ ಉದುರುತ್ತದೆ. ಮೇಲ್ಮೈಯ ಕೆಂಪು ತುಕ್ಕಿಗೆ ಹೆದರಬೇಕಾಗಿಲ್ಲ. ಮಾರಾಟಕ್ಕೆ ಮುಂಚೆ ದಪ್ಪಗೆ ಬಳಿದ ಹೊಸ ಕಪ್ಪು ಬಣ್ಣಕ್ಕೆ ಹೆದರಬೇಕು.

ಷಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಆರ್.ಸಿ. ಪುಸ್ತಕದೊಡನೆ ಅಕ್ಷರ ಅಕ್ಷರ ತಾಳೆ ನೋಡಿ. ಎಂಜಿನ್ ಸಂಖ್ಯೆಯನ್ನೂ ನೋಡಿ. ಎಷ್ಟೋ ಪೆಟ್ರೋಲ್ ಜೀಪುಗಳಿಗೆ ಅನಂತರ ಡೀಸೆಲ್ ಎಂಜಿನ್ ಕೂರಿಸಲಾಗಿದೆ. ಅದು ಪುಸ್ತಕದಲ್ಲಿ ದಾಖಲಾಗಿರದಿದ್ದರೆ ಮರುನೋಂದಣಿಯ ತಪಾಸಣೆಯಲ್ಲೂ ವಿಮೆಯಲ್ಲೂ ತೊಂದರೆ ನಿಮಗೇ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ನವೀಕರಣವನ್ನು ಮಾರುವವರೇ ಮಾಡಿಸಿಕೊಡಲೆಂದು ಕೇಳುವುದು ಕ್ಷೇಮ. ಕೇರಳದ ಜೀಪಾದರೆ ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಅದನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಐವತ್ತು ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ‘ವಿಂಟೇಜ್’ ನೋಂದಣಿ ಬಂದಿದೆ. ಆ ನೋಂದಣಿಯಲ್ಲಿ ವಾಹನವನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ದುಡಿಸಲು ಕೊಳ್ಳುವವರು ಅದರ ಗೋಜಿಗೆ ಹೋಗದಿರುವುದೇ ಒಳ್ಳೆಯದು.

ನಾಲ್ಕು ಚಕ್ರಕ್ಕೂ ಎಳೆತವಿದೆ ಎಂದು ಮಾರುವವರು ಹೇಳಿದರೆ ಮುಂದಿನ ಆಕ್ಸಲ್ಲಿಗೆ ಹೋಗುವ ಷಾಫ್ಟ್ ಇದೆಯೇ ನೋಡಿ. ಕೆಲವು ಮಾದರಿಗಳು ಕಾರ್ಖಾನೆಯಿಂದಲೇ ಎರಡು ಚಕ್ರದ ಎಳೆತದವು. ಕೆಲವದರಲ್ಲಿ ಷಾಫ್ಟ್ ಬಿಚ್ಚಿಟ್ಟಿರುತ್ತಾರೆ. ಇದ್ದರೆ ಹಸಿ ಮಣ್ಣಿನಲ್ಲಿ ಸನ್ನೆ ಹಾಕಿ ಓಡಿಸಿ, ಮುಂದಿನ ಚಕ್ರಗಳೂ ಮಣ್ಣು ಕೀಳುತ್ತವೆಯೇ ಗಮನಿಸಿ. ರಸ್ತೆಯಲ್ಲಿ ಸ್ಟಿಯರಿಂಗ್ ನಡುಗಿದರೆ ಕಿಂಗ್ ಪಿನ್ನಿನ ಬೇರಿಂಗ್ ಅಥವಾ ಟೈರಾಡಿನ ಕೀಲು ಸವೆದಿರಬಹುದು. ಇದು ದುರಸ್ತಿಯಾಗುವ ದೋಷ, ಬೆಲೆ ಇಳಿಸಲು ಕಾರಣವೂ ಹೌದು.

ಕೊಂಡ ಮೇಲೆ ಎಂಜಿನ್, ಗೇರ್ ಪೆಟ್ಟಿಗೆ, ಎರಡೂ ಆಕ್ಸಲ್ಲುಗಳ ಎಣ್ಣೆಯನ್ನು ಒಮ್ಮೆ ಪೂರ್ತಿ ಬದಲಿಸಿ. ಹೊರಬಂದ ಗೇರ್ ಎಣ್ಣೆ ಹಾಲು ಬೆರೆಸಿದಂತೆ ಬಿಳಿಚಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ಸೀಲು ಬದಲಿಸದೆ ಎಣ್ಣೆ ಹಾಕಿ ಪ್ರಯೋಜನವಿಲ್ಲ. ಗ್ರೀಸ್ ನಿಪ್ಪಲ್ಲುಗಳಿಗೆ ಸುಮಾರು 1500 ಕಿ.ಮೀ.ಗೊಮ್ಮೆ, ಆಳದ ಹಳ್ಳ ದಾಟಿದ ಪ್ರತಿ ಸಲವೂ, ಹೊಸ ಗ್ರೀಸ್ ಹೊರಕ್ಕೆ ಉಕ್ಕುವವರೆಗೆ ಒತ್ತಬೇಕು. ಹಳ್ಳ ದಾಟಿದೊಡನೆ ನಿಧಾನವಾಗಿ ಚಲಿಸುತ್ತಾ ಬ್ರೇಕನ್ನು ಮೆಲ್ಲಗೆ ನಾಲ್ಕಾರು ಬಾರಿ ಒತ್ತಿ ಡ್ರಮ್ ಒಣಗಿಸಿಕೊಳ್ಳಿ. ಒದ್ದೆ ಡ್ರಮ್ಮಿನೊಡನೆ ಇಳಿಜಾರಿಗೆ ಇಳಿಯುವುದು ಪ್ರಾಣಾಪಾಯ.

ಒಣ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರದ ಸನ್ನೆ ಹಾಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಮಣ್ಣಿನಲ್ಲಿ ಚಕ್ರ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರದೆ ಆ ಬಿಗಿತವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಇನ್ನೊಂದು ಶತ್ರುವನ್ನು ನಾವೇ ಜೀಪಿಗೆ ಹತ್ತಿಸುತ್ತೇವೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ನೆಂಟ. ಚೀಲದ ಹೊಲಿಗೆಯಿಂದ ಉದುರಿದ ಹರಳುಗಳು ನೆಲಹಾಸಿನ ಅಡಿ ಸೇರಿ, ಮಳೆಗಾಲದ ತೇವದಲ್ಲಿ ಕರಗಿ ತಗಡನ್ನು ತಿನ್ನುತ್ತವೆ. ಮೈಲುತುತ್ತ ಇದಕ್ಕಿಂತ ಕೆಟ್ಟದ್ದು. ಬೋರ್ಡೋ ದ್ರಾವಣಕ್ಕೆ ಕಬ್ಬಿಣದ ಚಾಕು ಅದ್ದಿ, ಕೆಂಪು ಲೇಪ ಬಂದರೆ ಸುಣ್ಣ ಸಾಲದು ಎನ್ನುತ್ತೀರಲ್ಲವೆ? ಆ ಲೇಪ ತಾಮ್ರ. ಅದು ಕೂರುವಾಗ ಅಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಚೆಲ್ಲಿದ ಮೈಲುತುತ್ತವು ಜೀಪಿನ ನೆಲಕ್ಕೆ ಮಾಡುವುದೂ ಇದನ್ನೇ. ಗೊಬ್ಬರ, ಮೈಲುತುತ್ತ ಸಾಗಿಸುವ ದಿನ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಸಂಜೆ ನೆಲಹಾಸು ಎತ್ತಿ ನೀರು ಹೊಯ್ದು ತೊಳೆದು, ಒಣಗಿದ ಮೇಲೆಯೇ ಮತ್ತೆ ಹಾಸಿ. ಷಾಸಿಯ ಒಳಮೂಲೆಗಳಲ್ಲಿ ಕೂತ ಕೆಸರನ್ನೂ ಆಗಲೇ ಕಡ್ಡಿಯಿಂದ ತೆಗೆಯಿರಿ.

ಕೆಲಸವಿಲ್ಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಎಂಜಿನ್ ಬಿಸಿಯಾಗುವಷ್ಟು ಓಡಿಸಿ. ಅಡಿಕೆ ಒಣಗಿಸಿಟ್ಟ ಕೊಟ್ಟಿಗೆಯಲ್ಲಿ ನಿಲ್ಲಿಸುವುದಾದರೆ ಓಡಿಸುವ ಮುನ್ನ ಬಾನೆಟ್ ಎತ್ತಿ ನೋಡಿ. ಇಲಿಗಳು ವೈರು ಕಡಿದಿರುತ್ತವೆ.